ನಮ್ಮೂರ ಕರಿಕಲ್ಲಿನ ಗುಡಿ ಯಾವ ಕಾಲದ್ದು? ಅದಕ್ಕ ಸ್ಲ್ಯಾಬ್, ಸಿಮೆಂಟ್ ಹಾಕಬಹುದೇನು?

ಪ್ರಶ್ನೆ: ನಮ್ಮದು ಸೊಲ್ಲಾಪುರ ಜಿಲ್ಲಾ ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿ. ಊರ ನಡುವ ಕರಿಕಲ್ಲಿನ ಈಶ್ವರನ ಗುಡಿ ಅದರಿ. ಹಿರಿಯರೊಳಗ ಒಬ್ಬರು ಹೇಮಾಡಪಂತಿ ಗುಡಿ ಅಂತಾರ, ಒಬ್ಬರು ಪಾಂಡವರು ಒಂದ ರಾತ್ರಿಯೊಳಗ ಕಟ್ಟಿದ್ದು ಅಂತಾರ, ಇನ್ನೊಬ್ಬರು ಜಕಣಾಚಾರಿ ಕೆಲಸ ಅಂತಾರ. ನಡುವಿನ ಮಂಟಪದಾಗ ಬಳಿ ತೊಡಿಸಿದಂಗ ಸುತ್ತ ಗೆರಿ ಇರೋ ನಾಕು ದುಂಡು ಕಂಬ ಅವ, ನುಣ್ಣಗ ಹೊಳೀತಾವ. ಗರ್ಭಗುಡಿ ಬಾಗಲದ ಮ್ಯಾಲ ಎರಡು ಆನಿ ನೀರು ಹೊಯ್ಯೋ ಲಕ್ಷ್ಮಿ ಅದಾಳ. ಗ್ವಾಡಿ ಸಂದಿಯೊಳಗ ಮಣ್ಣು, ಗಚ್ಚು ಏನೂ ಕಾಣಂಗಿಲ್ಲ. ಬಾವಿ ಹತ್ರ ಹಳಗನ್ನಡ ಅಕ್ಷರದ ಕಲ್ಲೊಂದು ಬಿದ್ದದ. ಮಳಿ ಬಂದ್ರ ಒಳಗ ಸೋರತದ, ಉತ್ತರದ ಗ್ವಾಡಿ ಹೊಟ್ಟಿ ಬಿಟ್ಟದ. ಕಮಿಟಿಯವರು ಮ್ಯಾಲ ಸ್ಲ್ಯಾಬ್, ಸಂದಿಗೆ ಸಿಮೆಂಟ್, ನೆಲಕ್ಕ ಗ್ರಾನೈಟ್, ಗ್ವಾಡಿಗೆ ಆಯಿಲ್ ಪೇಂಟ್ ಅಂತ ಪಟ್ಟಿ ಎತ್ತ್ಯಾರ. ಬಾದಾಮಿ-ಐಹೊಳೆ ಗುಡಿಯಷ್ಟು ಹಳೇದೇನ್ರಿ ಇದು? ಕಾಲ ಹೆಂಗ ಗುರುತು ಹಿಡೀಬೇಕು, ರಿಪೇರಿ ಹೆಂಗ ಮಾಡಬೇಕು?

ಉತ್ತರ: ಮೊದಲು ಕಮಿಟಿಯವರನ್ನು ಕೂಡಿಸಿ ಸ್ಲ್ಯಾಬಿನ ಕೆಲಸ ನಿಲ್ಲಿಸಿ. ಗುಡಿ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಇನ್ನೂ ಹತ್ತು ವರ್ಷ ಬಿಟ್ಟು ಉತ್ತರ ಹುಡುಕಿದರೂ ನಡೆಯುತ್ತದೆ. ಸ್ಲ್ಯಾಬ್ ಒಮ್ಮೆ ಹಾಕಿದರೆ, ಕೆಳಗಿನ ಕಲ್ಲಿಗೆ ಪೆಟ್ಟಾಗದಂತೆ ಅದನ್ನು ತೆಗೆಯುವುದು ಆಗದ ಮಾತು.

ಕಾಲದ ವಿಷಯಕ್ಕೆ ಬಂದರೆ, ನೀವು ಬರೆದ ಲಕ್ಷಣಗಳು, ಮುಖ್ಯವಾಗಿ ಆ ದುಂಡು ಕಂಬಗಳು, 11-12ನೆಯ ಶತಮಾನದ ಕಡೆಗೆ, ಅಂದರೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಕೈ ತೋರಿಸುತ್ತವೆ. ಬಾದಾಮಿಗಿಂತ ಸುಮಾರು ನಾನೂರು ವರ್ಷ ಈಚೆ, ಹೇಮಾಡಪಂತನಿಗಿಂತ ನೂರಿನ್ನೂರು ವರ್ಷ ಆಚೆ. ಕೊನೆಯ ಮಾತು ಬಾವಿಯ ಹತ್ತಿರದ ಆ ಕಲ್ಲಿನದು. ಅದರ ಬಗ್ಗೆ ಕಡೆಯಲ್ಲಿ ಬರೆಯುತ್ತೇನೆ.

ಹೇಮಾಡಪಂತ ಎಂದು ನಿಮ್ಮ ಸೀಮೆಯಲ್ಲಿ ಕರೆಯುವ ಹೇಮಾದ್ರಿ ಪಂಡಿತ ದೇವಗಿರಿಯ ಯಾದವ ಅರಸರಾದ ಮಹಾದೇವ (1261–1271) ಮತ್ತು ರಾಮಚಂದ್ರನ (1271–1311) ಕಾಲದಲ್ಲಿ ಶ್ರೀಕರಣಾಧಿಪ, ಅಂದರೆ ಅರಮನೆಯ ಕಡತಗಳ ಮುಖ್ಯಾಧಿಕಾರಿ, ಆಗಿದ್ದವನು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗುಡಿಯೆಲ್ಲ ಅವನದೇ ಎಂಬ ಮಾತು ಮಹಾರಾಷ್ಟ್ರದಲ್ಲಿ ರೂಢಿಗೆ ಬಂದಿದೆ. ಆದರೆ ಮುಂಬಯಿ ಹತ್ತಿರದ ಅಂಬರನಾಥದ ಗುಡಿಯೂ ಗಾರೆಯಿಲ್ಲದ್ದೇ, ಅಲ್ಲಿಯ ಶಾಸನ ಶಕ 982ರದು, ಅಂದರೆ ಕ್ರಿ.ಶ. 1060. ಹೇಮಾದ್ರಿಗಿಂತ ಇನ್ನೂರು ವರ್ಷ ಹಿಂದಿನದು. ಬಾದಾಮಿ ಚಾಲುಕ್ಯರ ಗುಡಿಗಳು ಅದಕ್ಕೂ ಹಿಂದಿನವು, ಅವುಗಳ ಕಲ್ಲಿನ ಸಂದಿಯಲ್ಲೂ ಗಾರೆಯಿಲ್ಲ. ಹಾಗಾಗಿ ‘ಗಚ್ಚು ಇಲ್ಲ’ ಎಂಬುದು ಕಟ್ಟುವ ವಿಧಾನವನ್ನು ಹೇಳುತ್ತದೆಯೇ ಹೊರತು ಕಾಲವನ್ನಲ್ಲ. ಪಾಂಡವರ ಮಾತೂ ಜಕಣಾಚಾರಿಯ ಮಾತೂ ಜನಪದದವು. ಊರಿನ ನೆನಪಾಗಿ ಅವನ್ನು ಬರೆದಿಟ್ಟುಕೊಳ್ಳಿ, ಕಾಲಗಣನೆಗೆ ಬಳಸಬೇಡಿ. ಶಿಲ್ಪಿಗಳ ನಿಜವಾದ ಹೆಸರುಗಳು ನಮಗೆ ಕಲ್ಲಿನಲ್ಲೇ ಸಿಕ್ಕಿವೆ ಎಂಬುದು ಎಷ್ಟೋ ಜನಕ್ಕೆ ತಿಳಿದಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ 8ನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದಳು. ಕಟ್ಟಿದವನು ಅನಿವಾರಿತಾಚಾರಿ ಎನಿಸಿದ ಗುಂಡ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನು ಅಲ್ಲಿಯ ಕನ್ನಡ ಶಾಸನ ಹೇಳುತ್ತದೆ. ಅದೇ ಗುಡಿಯ ಶಾಸನ ಸರ್ವಸಿದ್ಧಿ ಆಚಾರಿಯನ್ನು ‘ತೆಂಕಣ ದಿಸೆಯ ಸೂತ್ರಧಾರಿ’, ಅಂದರೆ ದಕ್ಷಿಣ ದಿಕ್ಕಿನ ಮುಖ್ಯ ಶಿಲ್ಪಿ, ಎಂದು ಕರೆದಿದೆ.

ಇನ್ನು ನಿಮ್ಮ ಗುಡಿ ಬಾದಾಮಿ ಕಾಲದ್ದಲ್ಲ ಎಂದು ಯಾಕೆ ಹೇಳಿದೆ? ಕಲ್ಲಿನಿಂದ ಶುರು ಮಾಡೋಣ, ಯಾಕೆಂದರೆ ಗುಡಿಯ ಅರ್ಧ ಸ್ವಭಾವ ಕಲ್ಲಿನದು. ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರೂ ಮಲಪ್ರಭೆಯ ಕಣಿವೆಯ ಮರಳುಗಲ್ಲಿನ ಊರುಗಳು. ಅಲ್ಲಿ ಮೊದಲು ಬೆಟ್ಟವನ್ನೇ ಕೊರೆದರು. ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವಿದೆ. ಆಮೇಲೆ ಬಂಡೆ ಸೀಳಿ ಕಟ್ಟತೊಡಗಿದರು. ಐಹೊಳೆಯ ಮೇಗುತಿ ಗುಡಿಯ ರವಿಕೀರ್ತಿಯ ಶಾಸನ ಶಕ 556ರದು (ಕ್ರಿ.ಶ. 634–35). ಮರಳುಗಲ್ಲು ಪದರಪದರವಾಗಿ ಏಳುತ್ತದೆ, ದೊಡ್ಡ ದೊಡ್ಡ ಚಪ್ಪಡಿ ಸಿಗುತ್ತದೆ. ಆದ್ದರಿಂದ ಆ ಗುಡಿಗಳಲ್ಲಿ ಕಂಬ ದಪ್ಪ, ಹೆಚ್ಚಾಗಿ ಚೌಕ, ಮೇಲಿನ ಹಾಸು ಅಗಲ. ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆ ಹತ್ತಿ ನೋಡಿದವರಿಗೆ ಗೊತ್ತು, ಇಳಿಜಾರಾಗಿ ಹಾಸಿದ ಎರಡು ಚಪ್ಪಡಿಗಳ ಸಂದಿಯ ಮೇಲೆ ಉದ್ದಕ್ಕೆ ಒಂದು ಕಲ್ಲಿನ ಪಟ್ಟಿ ಕೂರಿಸಿ ನೀರು ಇಳಿಯದಂತೆ ಮಾಡಿದ್ದಾರೆ. ಮರದ ಮನೆಯ ಬುದ್ಧಿಯನ್ನು ಕಲ್ಲಿಗೆ ಹೇಳಿಕೊಟ್ಟ ಕಾಲ ಅದು. ಮರಳುಗಲ್ಲಿನ ಪದರ ಭೂಮಿಯೊಳಗೆ ಮಲಗಿದ್ದ ಹಾಗೆಯೇ ಗೋಡೆಯಲ್ಲೂ ಮಲಗಿರಬೇಕು. ಪದರವನ್ನು ನಿಲ್ಲಿಸಿ ಮುಖ ಮಾಡಿದ ಕಲ್ಲು ಕೆಲವು ಶತಮಾನಗಳಲ್ಲಿ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ.

10ನೆಯ ಶತಮಾನದ ಕೊನೆಯಿಂದ ಗದಗ-ಲಕ್ಕುಂಡಿ ಕಡೆ ಬಳಪದ ಕಲ್ಲು ಬಂತು. ಆ ಕಲ್ಲು ಮೆತ್ತಗೆ, ನುಣುಪು, ಉಳಿ ಬೆಣ್ಣೆಗೆ ಹಾಕಿದಂತೆ ಓಡುತ್ತದೆ. ಇಟಗಿಯ ಮಹಾದೇವ ಗುಡಿಯಲ್ಲಿ (1112) ಕೆತ್ತನೆ ಅಷ್ಟು ಸೂಕ್ಷ್ಮವಾಗಲು ಶಿಲ್ಪಿಯ ಕೈಯಷ್ಟೇ ಕಲ್ಲೂ ಕಾರಣ. ನಿಮ್ಮ ಸೊಲ್ಲಾಪುರ ಸೀಮೆಯ ಕರಿಕಲ್ಲು ಇವೆರಡೂ ಅಲ್ಲ. ಅದು ಲಾವಾ ಆರಿ ಆದ ಕಲ್ಲು, ಬಸಾಲ್ಟ್. ಗಟ್ಟಿ, ಭಾರ, ಅಂಚು ಸಿಡಿಯುವ ಗುಣದ್ದು. ಕೆಲವು ಪದರಗಳಲ್ಲಿ ಗುಳ್ಳೆ ತುಂಬಿರುತ್ತದೆ. ಅದಕ್ಕೇ ನಿಮ್ಮ ಕಡೆಯ ಗುಡಿಗಳಲ್ಲಿ ಗೋಡೆ ತುಂಬ ಸಣ್ಣ ಕೆತ್ತನೆ ಕಡಿಮೆ, ಅಡ್ಡಲಾಗಿ ಓಡುವ ಗಟ್ಟಿ ಪಟ್ಟಿಕೆಗಳೂ ಅವುಗಳ ನೆರಳೂ ಹೆಚ್ಚು. ಇದನ್ನು ಕೌಶಲದ ಕೊರತೆ ಎಂದು ಬರೆಯುವವರಿದ್ದಾರೆ, ಅದು ತಪ್ಪು. ಕೊಲ್ಹಾಪುರ ಜಿಲ್ಲೆಯ ಖಿದ್ರಾಪುರದ ಕೋಪೇಶ್ವರ ಗುಡಿಗೆ ಒಮ್ಮೆ ಹೋಗಿ ಬನ್ನಿ. ಮುಂದಿನ ಸ್ವರ್ಗಮಂಟಪದ ನಡುವೆ ಮಾಡು, ಅಂದರೆ ಚಾವಣಿ, ದುಂಡಗೆ ಬಾಯಿ ತೆರೆದು ಆಕಾಶ ಕಾಣುತ್ತದೆ, ಗುಡಿಯ ಕೆಳಗೆ ಸಾಲು ಆನೆಗಳು ಭಾರ ಹೊತ್ತು ನಿಂತಿವೆ, ಕನ್ನಡ ಶಾಸನಗಳೂ ಇವೆ. ಗಟ್ಟಿ ಕಲ್ಲಿನಲ್ಲಿ ಏನು ಸಾಧ್ಯ ಎಂಬುದು ಅಲ್ಲಿ ತಿಳಿಯುತ್ತದೆ.

ಕಲ್ಲು ಯಾವುದೆಂದು ನೋಡಲು ಗುಡಿಯನ್ನು ಮುಟ್ಟಬೇಕಿಲ್ಲ. ನೆಲಕ್ಕೆ ಬಿದ್ದ ಚೂರೊಂದನ್ನು ತೆಗೆದುಕೊಳ್ಳಿ. ಚಾಕುವಿನ ತುದಿಗೆ ಬಿಳಿ-ಹಸಿರು ಪುಡಿ ಏಳುತ್ತ ಸುಲಭವಾಗಿ ಗೀರು ಬಿದ್ದರೆ ಬಳಪದ ಕಲ್ಲು. ಒಡೆದ ಮುಖವನ್ನು ತಿಕ್ಕಿದಾಗ ಮರಳಿನ ಕಣ ಉದುರಿದರೆ ಮರಳುಗಲ್ಲು. ಚಾಕುವೇ ಜಾರಿ, ಉಕ್ಕಿನ ಬೂದು ಗೆರೆ ಕಲ್ಲಿನ ಮೇಲೆ ಉಳಿದರೆ ಕರಿಕಲ್ಲು.

ಈ ಗಟ್ಟಿತನ ಕೆಲಸದ ರೀತಿಯನ್ನೇ ಬದಲಿಸುತ್ತದೆ. ಬಳಪದ ಕಲ್ಲಿನಲ್ಲಿ ಚಪ್ಪಟೆ ಉಳಿಯನ್ನು ಓರೆಯಾಗಿ ಹಿಡಿದು ಹೆರೆಯಬಹುದು. ಕರಿಕಲ್ಲಿನಲ್ಲಿ ಮೊನಚು ಚಾಣವನ್ನು ಹೆಚ್ಚು ಕಡಿಮೆ ನೆಟ್ಟಗೆ ಹಿಡಿದು ಕಣಕಣವಾಗಿ ಜಜ್ಜಿ ತೆಗೆಯಬೇಕು. ಚಾಣ ಬೇಗ ಮೊಂಡಾಗುತ್ತದೆ, ಕುಲುಮೆ ಪಕ್ಕದಲ್ಲೇ ಉರಿಯುತ್ತಿರಬೇಕು. ನಿಮ್ಮ ಗುಡಿಯಲ್ಲಿ ಹೊಳಪಿಲ್ಲದ ಭಾಗದ ಮೇಲೆ ಬೆಳಕು ಓರೆಯಾಗಿ ಬೀಳುವಾಗ ನೋಡಿ, ಸಿಡುಬಿನ ಕಲೆಯಂಥ ಚುಕ್ಕೆಗಳು ಕಾಣುತ್ತವೆ. ಅವು ಚಾಣದ ಗುರುತು. ಕೆತ್ತನೆ ಅರ್ಧಕ್ಕೇ ನಿಂತ ಜಾಗ ಸಿಕ್ಕರೆ ಅದನ್ನು ಕಮಿಟಿಯವರಿಗೆ ತೋರಿಸಿ. ಹೂವಿನ ಎಸಳು ಬರಬೇಕಾದಲ್ಲಿ ಬರೀ ತ್ರಿಕೋನ, ಮುಖ ಬರಬೇಕಾದಲ್ಲಿ ಬರೀ ಉಂಡೆ ಇರುತ್ತದೆ. ಮೊದಲು ಕಲ್ಲನ್ನು ದಪ್ಪ ಆಕಾರಕ್ಕೆ ತಂದು ಜಾಗದಲ್ಲಿ ಕೂರಿಸಿ, ನವಿರು ಕೆಲಸವನ್ನು ಮೇಲೆಯೇ ಮುಗಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಂದೇ ಬಳ್ಳಿ ಎರಡು ಕಲ್ಲಿನ ಸಂದಿಯನ್ನು ದಾಟಿ ಕೂದಲೆಳೆಯೂ ತಪ್ಪದೆ ಹರಿಯುವುದು ಇದೇ ಕಾರಣಕ್ಕೆ.

ಆ ನಾಲ್ಕು ದುಂಡು ಕಂಬ ಮಾತ್ರ ಹಾಗಲ್ಲ. ಅವನ್ನು ನೆಲದ ಮೇಲೆಯೇ ತಿರುಗಣೆಗೆ ಕೊಟ್ಟು ತಿರುಗಿಸುತ್ತ ಕಡೆದು, ಆಮೇಲೆ ನಿಲ್ಲಿಸಿದ್ದು. ಬಳೆಯಂಥ ಗೆರೆಗಳು ಒಂದಕ್ಕೊಂದು ಸಮನಾಗಿ, ಸುತ್ತಲೂ ಒಂದೇ ಆಳಕ್ಕೆ ಇವೆಯೇ ನೋಡಿ. ಇದ್ದರೆ ಅದು ಕೈಯಿಂದಷ್ಟೇ ಆಗುವ ಕೆಲಸವಲ್ಲ. ಈ ಕಂಬಗಳ ಬುಡದಲ್ಲಿ ಸಾಮಾನ್ಯವಾಗಿ ಚೌಕ ಭಾಗ ಉಳಿದಿರುತ್ತದೆ. ಅದರ ಮೇಲೆ ದುಂಡು ಕಾಂಡ, ಗಂಟೆಯಾಕಾರ, ಕೊಡದಾಕಾರ, ತಟ್ಟೆಯಂತೆ ಅಗಲವಾದ ಮಂಡಿ, ಚೌಕ ಫಲಕ, ಅದರ ಮೇಲೆ ನಾಲ್ಕು ಕಡೆ ಕೈಚಾಚಿ ತೊಲೆ ಹೊರುವ ಬೋದಿಗೆ. ಬಾದಾಮಿ ಕಾಲದವರು ಇಂಥ ಕಂಬ ಮಾಡಲಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಮನೆಮಾತಾಯಿತು, ಹೊಯ್ಸಳರಿಗೂ ಇಲ್ಲಿಂದಲೇ ಹೋಯಿತು. ನೀವು ಕೊಟ್ಟ ವಿವರಗಳಲ್ಲಿ ಕಾಲಕ್ಕೆ ಅತಿ ಗಟ್ಟಿ ಸಾಕ್ಷಿ ಇದೇ. ಬಾಗಿಲ ಮೇಲಿನ ಗಜಲಕ್ಷ್ಮಿ ಕಾಲವನ್ನು ಅಷ್ಟು ಖಚಿತವಾಗಿ ಹೇಳುವುದಿಲ್ಲ. ಈಶ್ವರನ ಗುಡಿಗೆ ಲಕ್ಷ್ಮಿ ಯಾಕೆ ಎಂದು ಯಾರಾದರೂ ಕೇಳಿದರೆ, ಆ ಕಾಲದ ಶಿವಾಲಯಗಳ ಲಲಾಟದಲ್ಲಿ ಗಜಲಕ್ಷ್ಮಿ ಸಾಮಾನ್ಯ ಎಂದು ಹೇಳಿ. ಅಲ್ಲಿ ಕುಳಿತ ಜಿನಮೂರ್ತಿ ಇದ್ದಿದ್ದರೆ ಮೊದಲು ಬಸದಿಯಾಗಿತ್ತೇ ಎಂದು ಯೋಚಿಸಬೇಕಾಗುತ್ತಿತ್ತು.

ಈಗ ಮುಖ್ಯ ಮಾತು. ಗುಡಿ ನಿಂತಿರುವುದು ಹೇಗೆ? ಅದು ತಿಳಿಯದೆ ರಿಪೇರಿಗೆ ಕೈ ಹಾಕಬಾರದು. ಕಲ್ಲಿಗೆ ಅದುಮಿದರೆ ತಡೆಯುವ ಶಕ್ತಿ ಅಪಾರ, ಎಳೆದರೆ ತಡೆಯುವ ಶಕ್ತಿ ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಕಂಬಕ್ಕೆ ಬರೀ ಅದುಮು, ಅದಕ್ಕೇ ಕಂಬ ಮುರಿಯುವುದು ಅಪರೂಪ. ತೊಲೆ ಭಾರಕ್ಕೆ ಬಾಗಲು ಹೋದಾಗ ಅದರ ಹೊಟ್ಟೆಯ ಭಾಗ ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ತೊಲೆಯ ಬಿರುಕು ಹೆಚ್ಚಾಗಿ ನಡುವಿನಲ್ಲಿ, ಕೆಳಗಿನಿಂದ ಮೇಲಕ್ಕೆ. ತನ್ನದೇ ಭಾರ ಹೊತ್ತ ತೊಲೆಯ ಉದ್ದ ಎರಡರಷ್ಟಾದರೆ ಈ ಎಳೆತ ನಾಲ್ಕರಷ್ಟಾಗುತ್ತದೆ. ಇದನ್ನು ಲೆಕ್ಕದಲ್ಲಲ್ಲದಿದ್ದರೂ ಅನುಭವದಲ್ಲಿ ಅರಿತಿದ್ದ ಕಲ್ಲುಕುಟಿಗರು ಬೋದಿಗೆಯನ್ನು ಇಟ್ಟರು. ಎರಡು ಕಂಬಗಳ ನಡುವೆ ತೆರವು ಆರೂವರೆ ಅಡಿ ಇದೆ ಎನ್ನಿ. ಎರಡೂ ಕಡೆಯಿಂದ ಬೋದಿಗೆ ಒಂದೊಂದು ಅಡಿ ಚಾಚಿದರೆ ತೊಲೆ ಗಾಳಿಯಲ್ಲಿ ನಿಲ್ಲುವುದು ನಾಲ್ಕೂವರೆ ಅಡಿ ಮಾತ್ರ, ಎಳೆತ ಅರ್ಧಕ್ಕಿಂತ ಕಡಿಮೆ. ಬೋದಿಗೆ ಬರೀ ಅಲಂಕಾರ ಎಂದುಕೊಂಡು, ಟ್ಯೂಬ್‌ಲೈಟಿನ ಮೊಳೆ ಹೊಡೆಯಲು ಅದರ ಅಂಚು ಒಡೆಯುವವರಿಗೆ ಈ ಲೆಕ್ಕ ಹೇಳಬೇಕು.

ಮಾಡಿನದೂ ಇದೇ ಉಪಾಯ. ನಾಲ್ಕು ಕಂಬಗಳ ನಡುವಿನ ಒಂದು ಅಂಕಣ ಎಂಟಡಿ ಚೌಕವಾದರೆ, ಎಂಟಡಿ ಚೌಕದ ಒಂದೇ ಕಲ್ಲು ಮುಚ್ಚುವುದು ಕಷ್ಟ, ಅಪಾಯ. ನಾಲ್ಕು ಮೂಲೆಗೂ ತ್ರಿಕೋನದ ಕಲ್ಲು ಇಟ್ಟರೆ ಒಳಗೆ ಓರೆಯಾಗಿ ತಿರುಗಿದ ಚೌಕ ಉಳಿಯುತ್ತದೆ, ಅದರ ಬದಿ ಸುಮಾರು 5 ಅಡಿ 8 ಇಂಚು. ಅದರ ಮೂಲೆಗೆ ಮತ್ತೆ ಕಲ್ಲಿಟ್ಟರೆ ಉಳಿಯುವುದು ನಾಲ್ಕಡಿ. ಆ ನಾಲ್ಕಡಿಗೆ ಕಮಲ ಕೆತ್ತಿದ ಒಂದು ಚಪ್ಪಡಿ ಸಾಕು. ನಿಮ್ಮ ನಡುಮಂಟಪದಲ್ಲಿ ಅಂಗಾತ ಮಲಗಿ ಮೇಲೆ ನೋಡಿ, ಈ ತಿರುಗುವ ಚೌಕಗಳು ಬಹುಶಃ ಕಾಣುತ್ತವೆ. ಅದನ್ನೇ ಭುವನೇಶ್ವರಿ ಎನ್ನುತ್ತೇವೆ.

ಭಾರದ ಅಂದಾಜು ಇರಲಿ. ಕರಿಕಲ್ಲು ಒಂದು ಘನ ಅಡಿಗೆ ಸುಮಾರು 80 ಕಿಲೋ. ಎಂಟಡಿ ಉದ್ದ, ಒಂದೂಕಾಲು ಅಡಿ ಅಗಲ ಮತ್ತು ಅಷ್ಟೇ ದಪ್ಪದ ತೊಲೆ ಹನ್ನೆರಡೂವರೆ ಘನ ಅಡಿ, ಅಂದರೆ ಒಂದು ಟನ್. ತಲೆಗೆ 30 ಕಿಲೋದಂತೆ ಹೊತ್ತರೂ ಒಂದು ತೊಲೆಗೆ ಮೂವತ್ತೈದು ಜನ ಬೇಕು. ಈ ಭಾರವೇ ಗುಡಿಯ ಗಾರೆ. ಮೇಲಿನದು ಕೆಳಗಿನದನ್ನು ಅದುಮಿ ಹಿಡಿದಿದೆ. ಕೆಲವು ಕಡೆ ಜಾರದಂತೆ ಒಂದರಲ್ಲಿ ಕುಳಿ, ಇನ್ನೊಂದರಲ್ಲಿ ಗುಬುಟು ಮಾಡಿ ಕೂರಿಸಿರುತ್ತಾರೆ. ಕೆಲವು ಕಡೆ ಎರಡು ಕಲ್ಲಿಗೆ ಸೇರಿಸಿ ಕಬ್ಬಿಣದ ಪಟ್ಟಿ ಹಾಕಿರುತ್ತಾರೆ. ಆ ಕಬ್ಬಿಣಕ್ಕೆ ನೀರು ಮುಟ್ಟಿದರೆ ತುಕ್ಕು ಹಿಡಿದು, ಮೊದಲಿನ ಗಾತ್ರಕ್ಕಿಂತ ಎಷ್ಟೋ ಪಟ್ಟು ಉಬ್ಬಿ ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಸಂದಿಯ ಹತ್ತಿರ ಮೂಲೆ ಸಿಡಿದು ಕಂದು ನೀರಿನ ಕಲೆ ಇಳಿದಿದ್ದರೆ ಕಾರಣ ಇದೇ.

ಗೋಡೆ ಹೊರಗಿನಿಂದ ಒಂದೇ ಕಲ್ಲಿನ ದಪ್ಪದ್ದೆನಿಸಿದರೂ ಬಹಳ ಕಡೆ ಹಾಗಿರುವುದಿಲ್ಲ. ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣಿನ ತುಂಬು. ಅಲ್ಲಲ್ಲಿ ಎರಡೂ ಸಾಲನ್ನು ಹಿಡಿಯುವ ಉದ್ದನೆಯ ಕಲ್ಲು. ನಿಮ್ಮ ಉತ್ತರದ ಗೋಡೆ ಹೊಟ್ಟೆ ಬಿಟ್ಟ ಕಥೆ ಇಲ್ಲಿಂದಲೇ ಶುರು. ಮಾಡು ಸೋರಿ ನೀರು ಆ ನಡುವಿನ ತುಂಬಿಗೆ ಇಳಿಯುತ್ತದೆ. ಮಣ್ಣು ನೆನೆದು ಉಬ್ಬುತ್ತದೆ, ಒಂದಿಷ್ಟು ಕೆಳಕ್ಕೆ ಕುಸಿದು ಬುಡದಲ್ಲಿ ಬೆಣೆಯಂತೆ ಒತ್ತುತ್ತದೆ, ಹೊರಸಾಲು ಹೊರಗೆ ಸರಿಯುತ್ತದೆ. ಅಂದರೆ ಸೋರುವುದೂ ಹೊಟ್ಟೆ ಬಿಡುವುದೂ ಎರಡು ರೋಗವಲ್ಲ, ಒಂದೇ. ಔಷಧಿ ಗೋಡೆಗಲ್ಲ, ಮಾಡಿಗೆ ಮೊದಲು.

ಗೋಡೆಗಿಂತ ಕೆಳಗೆ ಅಧಿಷ್ಠಾನ, ಅಂದರೆ ಗುಡಿ ನಿಂತ ಪೀಠ. ಕೆಳಗಿನಿಂದ ಉಪಾನ, ಜಗತಿ, ಕುಮುದ, ಕಂಠ, ಕಪೋತ ಎಂದು ಒಂದರ ಮೇಲೊಂದು ಪಟ್ಟಿಕೆಗಳು. ಕುಮುದ ಅಂದರೆ ಹೊರಗೆ ಉಬ್ಬಿದ್ದು, ಅದು ದುಂಡಗಿರಬಹುದು ಅಥವಾ ಮೂರು ಪಟ್ಟೆಯಾಗಿರಬಹುದು. ನಿಮ್ಮ ಗುಡಿಯಲ್ಲಿ ಇವುಗಳಲ್ಲಿ ಎಷ್ಟು ಕಾಣುತ್ತವೆ ಎಣಿಸಿ. ಗೋಡೆ ನೆಲದಿಂದಲೇ ಎದ್ದಂತೆ ಕಂಡರೆ, ಊರ ನೆಲ ಏರಿ ಅಧಿಷ್ಠಾನ ಹೂತುಹೋಗಿದೆ ಎಂದು ಅರ್ಥ. ನಿಮ್ಮದು ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುತ್ತದೆ. ಗುಡಿಯ ಒಂದು ಮಗ್ಗುಲಲ್ಲಿ ನಲ್ಲಿಯ ನೀರೋ ಬಚ್ಚಲ ನೀರೋ ನಿಂತು, ಇನ್ನೊಂದು ಮಗ್ಗುಲು ಒಣಗಿದ್ದರೆ ಬುಡ ಒಂದು ಕಡೆ ಏಳುತ್ತದೆ, ಮೇಲಿನ ಕಲ್ಲು ಸಂದಿ ಬಿಡುತ್ತದೆ. ಗುಡಿಯ ಸುತ್ತ ಆರೆಂಟು ಅಡಿ ದೂರದವರೆಗೆ ನೆಲ ಹೊರಗೆ ಇಳಿಜಾರಾಗಿರಲಿ, 40 ಅಡಿಗೆ ಒಂದಡಿಯ ಪ್ರಮಾಣದಲ್ಲಿ. ಅದನ್ನು ಕಾಂಕ್ರೀಟಿನಿಂದ ಮುಚ್ಚಬೇಡಿ. ಮರಳಿನ ಮೇಲೆ ಫರಸಿ ಹಾಸಿ ಸಂದಿ ಬಿಡಿ, ಆಗ ಬುಡದ ತೇವ ಅಲ್ಲಿಂದ ಆರಿಹೋಗುತ್ತದೆ. ಹೂತ ಅಧಿಷ್ಠಾನವನ್ನು ನೋಡುವ ಆಸೆಯಿಂದ ಜೇಸಿಬಿ ತಂದು ನಾಲ್ಕೂ ಕಡೆ ಒಮ್ಮೆಲೇ ತೋಡಬೇಡಿ, ಆ ಮಣ್ಣೇ ಈಗ ಬುಡಕ್ಕೆ ಆಸರೆಯಾಗಿರಬಹುದು. ತೋಡಬೇಕಾದರೆ ಪ್ರಾಚೀನ ಕಟ್ಟಡ ತಿಳಿದ ಎಂಜಿನಿಯರು ಎದುರಿದ್ದು, ಕೈಗುದ್ದಲಿಯಿಂದ, ನಾಲ್ಕೈದು ಅಡಿಯ ತುಂಡುಗಳಲ್ಲಿ, ಒಂದು ಬಿಟ್ಟು ಒಂದು.

ಕಮಿಟಿಯ ನಾಲ್ಕು ಯೋಜನೆಗಳಲ್ಲಿ ಸ್ಲ್ಯಾಬ್ ಅತಿ ಅಪಾಯದ್ದು. ಐದಿಂಚಿನ ಸ್ಲ್ಯಾಬ್ ಒಂದು ಚದರ ಅಡಿಗೆ ಸುಮಾರು 30 ಕಿಲೋ. ಇಪ್ಪತ್ತಡಿ ಚೌಕದ ಮಂಟಪಕ್ಕೆ 12 ಟನ್ ಹೊಸ ಭಾರ, ಒಂಬೈನೂರು ವರ್ಷ ದುಡಿದ ತೊಲೆಗಳ ಮೇಲೆ. ಅದೂ ಅಲ್ಲದೆ ಸೊಲ್ಲಾಪುರದ ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ. 30 ಡಿಗ್ರಿಯ ವ್ಯತ್ಯಾಸಕ್ಕೆ ಇಪ್ಪತ್ತಡಿಯಲ್ಲಿ ಸುಮಾರು 2 ಮಿಲಿಮೀಟರ್. ಕಡಿಮೆ ಎನಿಸಬಹುದು, ಆದರೆ ಬಿಸಿಲೇರಿದಾಗಲೆಲ್ಲ ಮೇಲಿನ ಸಾಲಿನ ಕಲ್ಲನ್ನು ಹೊರಗೆ ತಳ್ಳುತ್ತದೆ, ತಣ್ಣಗಾದಾಗ ಹಿಂದಕ್ಕೆ ಎಳೆದು ತರುವುದಿಲ್ಲ.

ಸಿಮೆಂಟು ಗಟ್ಟಿ ಎಂಬುದೇ ಅದರ ದೋಷ. ಗುಡಿಯ ಕಲ್ಲುಗಳು ಋತುಮಾನಕ್ಕೆ ತುಸು ಅಲುಗುತ್ತವೆ. ಸಂದಿಯಲ್ಲಿ ಕಲ್ಲಿಗಿಂತ ಗಟ್ಟಿ ಹಿಡಿತ ಇದ್ದರೆ ಒಡೆಯುವುದು ಕಲ್ಲಿನ ಅಂಚು. ಎರಡನೆಯದಾಗಿ, ಸಿಮೆಂಟಿನಲ್ಲಿ ನೀರಲ್ಲಿ ಕರಗುವ ಲವಣಗಳಿವೆ. ಅವು ತೇವದ ಜೊತೆ ಕಲ್ಲಿನೊಳಗೆ ಹೋಗಿ, ಒಣಗುವಾಗ ಹರಳುಗಟ್ಟಿ ಮುಖದ ಪದರವನ್ನು ಸಿಡಿಸುತ್ತವೆ. ಒಳಗಿನ ತೇವಕ್ಕೆ ಹೊರಬರುವ ದಾರಿಯೇ ಸಂದಿ, ಅದನ್ನೇ ಮುಚ್ಚಿದರೆ ತೇವ ಕೆತ್ತನೆಯ ಮೂಲಕ ಹೊರಗೆ ಬರುತ್ತದೆ. ಆಯಿಲ್ ಪೇಂಟಿನದೂ ಇದೇ ಕಥೆ, ಜೊತೆಗೆ ಸಣ್ಣ ಅಕ್ಷರಗಳನ್ನೂ ಕಣ್ಣಿನ ರೆಪ್ಪೆಯನ್ನೂ ಅದು ತುಂಬಿಬಿಡುತ್ತದೆ. ಈಗಾಗಲೇ ಎಲ್ಲಾದರೂ ಬಳಿದಿದ್ದರೆ ಸ್ಯಾಂಡ್ ಬ್ಲಾಸ್ಟಿಂಗ್, ಆಸಿಡ್, ತಂತಿ ಬ್ರಷ್ ಮೂರೂ ಬೇಡ. ಕಲ್ಲಿನ ಮುಖ ಹೋದರೆ ಕಾಲದ ಗುರುತೂ ಹೋಯಿತು. ರಸಾಯನ ತಿಳಿದ ಸಂರಕ್ಷಣಾ ತಜ್ಞರು ಲೇಪ ಹಚ್ಚಿ ಮೆಲ್ಲಗೆ ಬಿಡಿಸುತ್ತಾರೆ, ಅವರು ಬರುವವರೆಗೆ ಹಾಗೇ ಇರಲಿ. ಊರವರು ಮಾಡಬಹುದಾದ ಸ್ವಚ್ಛತೆ ಅಂದರೆ ಬರೀ ನೀರು ಮತ್ತು ಮೆತ್ತನೆ ಬ್ರಷ್, ಅದೂ ಕಲ್ಲು ಗಟ್ಟಿ ಇರುವಲ್ಲಿ ಮಾತ್ರ. ಹೊಳಪಿನ ಗ್ರಾನೈಟ್ ಹಾಸಿದರೆ ನೆಲದ ತೇವ ಮೇಲೆ ಬರಲಾರದೆ ಕಂಬದ ಬುಡಕ್ಕೂ ಗೋಡೆಗೂ ತಿರುಗುತ್ತದೆ. ಹಳೆಯ ಹಾಸುಗಲ್ಲು ಏರುಪೇರಾಗಿದ್ದರೆ ಎತ್ತಿ, ಕೆಳಗೆ ಮರಳು ಸಮ ಮಾಡಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸಿ. ಎತ್ತುವ ಮೊದಲು ಸುಣ್ಣದಿಂದ ನಂಬರು ಹಾಕಿ ಫೋಟೋ ತೆಗೆದಿಡಿ.

ಹಾಗಾದರೆ ಸೋರುವುದಕ್ಕೆ ಏನು ಮಾಡಬೇಕು? ಮಾಡಿನ ಮೇಲೆ ಬೆಳೆದ ಅರಳಿ, ಅತ್ತಿ ಗಿಡವನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಮೋಟಿಗೆ ಕಳೆನಾಶಕ ಹಚ್ಚಿ ಒಳಬೇರು ಸಾಯಲು ಬಿಡಿ. ಆಮೇಲೆ ಮೇಲೆ ಕೂಡಿದ ಮಣ್ಣು, ಸತ್ತ ಗಚ್ಚು ತೆಗೆಯಿರಿ. ಒಂದೇ ಬದಿಯಿಂದ ಪೂರ್ತಿ ತೆಗೆಯದೆ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವಾಗಿ, ಭಾರದ ಸಮತೋಲ ಕೆಡದಂತೆ. ನಂತರ ಸುಣ್ಣದ ಕಾಂಕ್ರೀಟು: ಅರಳಿದ ಸುಣ್ಣ ಒಂದು ಪಾಲು, ಚೆನ್ನಾಗಿ ಸುಟ್ಟ ಇಟ್ಟಿಗೆಯ ಇಂಚಿನೊಳಗಿನ ಚೂರು ಎರಡೂವರೆ ಪಾಲು, ಸುಮಾರು ಮೂರಿಂಚು ದಪ್ಪ. ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು, ಕೊಡತಿ ಪುಟಿಯುವ ತನಕ. ಮೇಲೆ ಗೋಣಿತಟ್ಟು ಹಾಸಿ ಹತ್ತು ದಿನಕ್ಕಾದರೂ ಕಡಿಮೆಯಿಲ್ಲದಂತೆ ತೇವ ಕಾಯಬೇಕು. ಇಳಿಜಾರು ನೀರು ಹೊರಹೋಗುವ ಹಳೆಯ ಕಲ್ಲಿನ ದೋಣಿಯ ಕಡೆಗೇ ಇರಲಿ. ಬಹಳ ಗುಡಿಗಳಲ್ಲಿ ಆ ದೋಣಿ ಮುಚ್ಚಿಹೋಗಿರುವುದೇ ಸೋರಲು ಅರ್ಧ ಕಾರಣ. ಹೊಸ ಪದರದ ಭಾರ ತೆಗೆದ ಮಣ್ಣು-ಗಚ್ಚಿನ ಭಾರಕ್ಕಿಂತ ಹೆಚ್ಚಾಗಬಾರದು.

ಗೋಡೆಯ ಬಿಗಿ ಸಂದಿಗಳನ್ನು ಮುಟ್ಟಲೇಬೇಡಿ. ಒಳಗಿನ ಮಣ್ಣು ಉದುರುವ ಬಾಯಿ ತೆರೆದ ಸಂದಿಗೆ ಮಾತ್ರ ಸುಣ್ಣದ ಗಾರೆ ತುಂಬಿ: ಮೂರ್ನಾಲ್ಕು ವಾರ ನೀರಲ್ಲಿ ಕೊಳೆಹಾಕಿದ ಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲು, ನೀರು ತಾಗುವ ಕಡೆ ಮರಳಿನ ಒಂದು ಪಾಲಿನ ಬದಲು ಇಟ್ಟಿಗೆ ಪುಡಿ. ಗಾರೆ ಕಲ್ಲಿನ ಮುಖಕ್ಕಿಂತ ತುಸು ಒಳಗೇ ನಿಲ್ಲಲಿ. ಬೆಲ್ಲ, ಅಳಲೆಕಾಯಿ ನೀರು ಸೇರಿಸುವ ಪದ್ಧತಿ ಹಳೆಯದು, ಒಳ್ಳೆಯದು, ಆದರೆ ಕೈ ತಿಳಿದವರಿಗೆ ಮಾತ್ರ. ಬೆಲ್ಲದ ಅಳತೆ ತಪ್ಪಿದರೆ ಗಾರೆ ಬಿಗಿಯುವುದೇ ಇಲ್ಲ.

ಹೊಟ್ಟೆ ಬಿಟ್ಟ ಗೋಡೆ ಈಗಲೂ ಸರಿಯುತ್ತಿದೆಯೋ, ಎಂದೋ ಸರಿದು ನಿಂತಿದೆಯೋ ಮೊದಲು ತಿಳಿಯಬೇಕು. ಬಿರುಕಿನ ಎರಡೂ ದಡಕ್ಕೆ ತಾಗುವಂತೆ ತೆಳು ಗಾಜಿನ ಪಟ್ಟಿಯನ್ನು, ಕೆತ್ತನೆಯಿಲ್ಲದ ಜಾಗದಲ್ಲಿ, ಗಾರೆಯಿಂದ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಚಲಿಸುತ್ತಿದೆ. ಮೇಲಿನಿಂದ ತೂಗುಗುಂಡು ಇಳಿಬಿಟ್ಟು ಮೂರು ಎತ್ತರಗಳಲ್ಲಿ ದಾರಕ್ಕೂ ಗೋಡೆಗೂ ಇರುವ ಅಂತರ ಅಳೆದು ತಿಂಗಳಿಗೊಮ್ಮೆ ವಹಿಯಲ್ಲಿ ಬರೆದಿಡಿ, ಒಂದು ಮಳೆಗಾಲ ಪೂರ್ತಿ. ಈ ವಹಿ ಕೈಯಲ್ಲಿದ್ದರೆ ಬರುವ ಎಂಜಿನಿಯರಿಗೆ ಅರ್ಧ ಕೆಲಸ ಆದಂತೆ. ಸರಿಯುತ್ತಿದ್ದರೆ ಮರದ ಆಸರೆ ಕೊಟ್ಟು, ಆ ಭಾಗದ ಪ್ರತಿ ಕಲ್ಲಿಗೂ ನಂಬರು ಹಾಕಿ, ಮೇಲಿನಿಂದ ಬಿಚ್ಚಿ, ಒಳತುಂಬನ್ನು ಸುಣ್ಣದ ಗಾರೆಯಲ್ಲಿ ಹೊಸದಾಗಿ ಕಟ್ಟಿ, ಅದೇ ಕಲ್ಲುಗಳನ್ನು ಮರಳಿ ಕೂರಿಸುತ್ತಾರೆ. ಇದು ಊರ ಗೌಂಡಿಯ ಕೆಲಸವಲ್ಲ. ಬಿರುಕು ಬಿಟ್ಟ ತೊಲೆಯ ಕೆಳಗೆ ಹಿಂದಿನವರು ಒರಟು ಕಂಬವೊಂದನ್ನು ಕೊಟ್ಟಿದ್ದರೆ, ಚೆಂದ ಕಾಣುವುದಿಲ್ಲ ಎಂದು ಅದನ್ನು ತೆಗೆಯಬೇಡಿ.

ಕೆಲಸಕ್ಕೆ ಮುಂಚೆ ಗುಡಿ ಸಂರಕ್ಷಿತ ಪಟ್ಟಿಯಲ್ಲಿದೆಯೇ ಎಂದು ತಹಸೀಲ್ ಕಚೇರಿಯಲ್ಲೂ ರಾಜ್ಯ ಪುರಾತತ್ವ ಇಲಾಖೆಯಲ್ಲೂ ವಿಚಾರಿಸಿ. ಕೇಂದ್ರದ ಪಟ್ಟಿಯಲ್ಲಿದ್ದರೆ 1958ರ ಕಾಯ್ದೆ ಮತ್ತು 2010ರ ತಿದ್ದುಪಡಿಯಂತೆ ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ರಾಜ್ಯದ ಪಟ್ಟಿಗೆ ಮಹಾರಾಷ್ಟ್ರದ 1960ರ ಕಾಯ್ದೆ ಇದೆ. ಎರಡರಲ್ಲೂ ಇಲ್ಲದಿದ್ದರೂ ಬಿಡಿ ವಿಗ್ರಹಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ, ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಸಾಗಿಸುವಂತಿಲ್ಲ ಎಂಬಷ್ಟನ್ನು ಎಲ್ಲರಿಗೂ ತಿಳಿಸಿ.

ಕೊನೆಗೆ ಆ ಅಕ್ಷರದ ಕಲ್ಲು. ನಿಮ್ಮ ಜಿಲ್ಲೆಯಲ್ಲೇ, ಭೀಮಾ-ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ ಶಕ 940ರ (ಕ್ರಿ.ಶ. 1018) ಮರಾಠಿ ಸಾಲು ಸಿಕ್ಕಿದೆ. ಕನ್ನಡ ಶಾಸನಗಳಂತೂ ಸೊಲ್ಲಾಪುರ ಸೀಮೆಯಲ್ಲಿ ಹೇರಳ. ಕಲ್ಲನ್ನು ಬಟ್ಟೆ ಒಗೆಯಲು ಬಳಸುತ್ತಿದ್ದರೆ ಇಂದೇ ನಿಲ್ಲಿಸಿ. ತಲೆಯ ಭಾಗದಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಆಕಳು-ಕರು ಇದ್ದರೆ ಅದು ದಾನಶಾಸನ. ಮೊದಲ ಸಾಲು ‘ನಮಸ್ತುಂಗ ಶಿರಶ್ಚುಂಬಿ’ ಎಂದಿದ್ದರೆ ಶೈವ. ಆ ಶ್ಲೋಕ ಶಿವನನ್ನು ಮೂರು ಲೋಕವೆಂಬ ನಗರಕ್ಕೆ ನೆಟ್ಟ ಮೂಲಸ್ತಂಭ ಎನ್ನುತ್ತದೆ, ಕಂಬದ ಮೇಲೆ ನಿಂತ ಗುಡಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಬೇಕೆ? ಆಮೇಲೆ ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ’ ಎಂದು ಬಿರುದುಗಳು ಬಂದು ‘ಸತ್ಯಾಶ್ರಯಕುಳತಿಳಕಂ ಚಾಳುಕ್ಯಾಭರಣಂ’ ಎಂದ ಮೇಲೆ ಬರುವ ಹೆಸರನ್ನು ಹಿಡಿಯಿರಿ. ತ್ರೈಲೋಕ್ಯಮಲ್ಲ ಎಂದಿದ್ದರೆ ಒಂದನೆಯ ಸೋಮೇಶ್ವರ (1042–1068), ಭುವನೈಕಮಲ್ಲ ಎಂದರೆ ಎರಡನೆಯ ಸೋಮೇಶ್ವರ (1068–1076), ತ್ರಿಭುವನಮಲ್ಲ ಎಂದರೆ ಬಹುಪಾಲು ಆರನೆಯ ವಿಕ್ರಮಾದಿತ್ಯ (1076–1126). ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. ‘ಚಾಳುಕ್ಯವಿಕ್ರಮವರ್ಷ’ ಎಂದಿದ್ದರೆ 1075 ಕೂಡಿಸಿ. ಉದಾಹರಣೆಗೆ ವಿಕ್ರಮವರ್ಷ 12 ಅಂದರೆ 1087, ಆ ವರ್ಷದ ಸಂವತ್ಸರ ಪ್ರಭವ. ಸಂವತ್ಸರದ ಹೆಸರು ಲೆಕ್ಕಕ್ಕೆ ಕೂಡಿಬಂದರೆ ಓದಿದ್ದು ಸರಿ ಎಂದು ಧೈರ್ಯ ಬರುತ್ತದೆ.

ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ, ಅರಿಸಿನ, ಸೀಮೆಸುಣ್ಣ ಏನನ್ನೂ ತಿಕ್ಕಬೇಡಿ. ಮಣ್ಣನ್ನು ನೀರು ಮತ್ತು ಮೆತ್ತನೆ ಬ್ರಷ್ಷಿನಿಂದ ತೊಳೆದು ಒಣಗಲು ಬಿಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಬದಿಗೆ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಪ್ರತಿ ಅಕ್ಷರದ ತಗ್ಗಿನಲ್ಲಿ ನೆರಳು ಕೂರುತ್ತದೆ. ಮೊದಲು ಪೂರ್ತಿ ಕಲ್ಲಿನದೊಂದು ಫೋಟೋ, ಆಮೇಲೆ ಮೂರು ಮೂರು ಸಾಲಿನಂತೆ, ಹಿಂದಿನ ಫೋಟೋದ ಕೊನೆಯ ಸಾಲು ಮುಂದಿನದರಲ್ಲೂ ಬರುವಂತೆ, ಮೊಬೈಲನ್ನು ಕಲ್ಲಿಗೆ ನೇರ ಹಿಡಿದು ತೆಗೆಯಿರಿ. ಒಮ್ಮೆ ಎಡದಿಂದ ಬೆಳಕು, ಒಮ್ಮೆ ಮೇಲಿನಿಂದ, ಯಾಕೆಂದರೆ ಅಡ್ಡಗೆರೆಗಳು ಎಡದ ಬೆಳಕಿಗೆ ಮಾಯವಾಗುತ್ತವೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಊರು, ತಾಲ್ಲೂಕು, ಕಲ್ಲು ಬಿದ್ದಿರುವ ಜಾಗ ಬರೆದು ಭಾರತೀಯ ಪುರಾತತ್ವ ಇಲಾಖೆಯ ಮೈಸೂರಿನ ಶಾಸನ ವಿಭಾಗಕ್ಕೆ ಕಳಿಸಿ, ಒಂದು ಪ್ರತಿಯನ್ನು ಕಮಿಟಿಯ ವಹಿಯಲ್ಲಿ ಅಂಟಿಸಿಡಿ. ಓದು ಮುಗಿಯುವ ತನಕ ಕಲ್ಲನ್ನು ಬಾವಿಯ ಹತ್ತಿರದಿಂದ ಎತ್ತಿ ಗುಡಿಯ ಮುಖಮಂಟಪದಲ್ಲಿ, ಗೋಡೆಗೆ ಒರಗಿಸದೆ, ಎರಡು ಮರದ ತುಂಡಿನ ಮೇಲೆ ಅಕ್ಷರ ಮೇಲಾಗಿ ಮಲಗಿಸಿಡಿ.